ಮಾವನ ಕಲ್ಲಿದ್ದಲು, ಅತ್ತೆಯ ಧೂಪ

ಇವತ್ತು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಕೂದಲಿಗೆ ಡ್ರೈಯರ್ ಹಿಡಿದಿದ್ದೆ. ಬಿಟಿಎಂ ಲೇಔಟಿನ ನಮ್ಮ ಪಕ್ಕದ ಫ್ಲಾಟಿನಿಂದ ಸಾಂಬ್ರಾಣಿಯ ವಾಸನೆ ಬಂತು. ಆ ವಾಸನೆಗೆ ನಿಮಗೆ ದೇವರು ನೆನಪಾಗಬಹುದು. ನನಗೆ ನೆನಪಾಗುವುದು ಒಂದು ನದಿ, ಅದೂ ನಾನು ಕಣ್ಣಾರೆ ಕಾಣದ ನದಿ.

ಕಾಲೇಜಿಗೆ ಹೋಗುವಾಗ ನಾನಿದ್ದುದು ಕುಮಾರಸ್ವಾಮಿ ಲೇಔಟಿನ ಸೋದರಮಾವನ ಮನೆಯಲ್ಲಿ. ಮಾವ ಭೂವಿಜ್ಞಾನಿ, ಮಂಚದ ಕೆಳಗಿನ ಟ್ರಂಕಿನ ತುಂಬ ಕಲ್ಲುಗಳು. ಆಗ ಅವರ ತಲೆ ತಿನ್ನುತ್ತಿದ್ದುದು ಎಂದೋ ಬತ್ತಿಹೋದ ನದಿಯೊಂದರ ಮರಳು. ಮರಳಿನ ಮೇಲೆ ಕಲ್ಲಿದ್ದಲಿನ ಪದರ, ಅದರ ನಡುವೆ ಜ್ವಾಲಾಮುಖಿ ಉದುರಿಸಿದ ಬೂದಿಯ ಗೆರೆ, ಬೂದಿಯೊಳಗೆ ಜಿರ್ಕಾನ್ ಎಂಬ ಖನಿಜದ ಕಣಗಳು. ಕಣದ ವಯಸ್ಸು ತಿಳಿದರೆ ಸಾಕು, ಕೆಳಗಿನ ಮರಳು ಅದಕ್ಕಿಂತ ಹಳೆಯದು. ಇದನ್ನು ಅವರು ಊಟಕ್ಕೆ ಕೂತಾಗ ಚಪಾತಿಯ ಮೇಲೆ ಚಪಾತಿ ಇಟ್ಟು ವಿವರಿಸುತ್ತಿದ್ದರು. ವಿವರಣೆ ಮುಗಿಯುವಷ್ಟರಲ್ಲಿ ಚಪಾತಿಯೂ ಕಲ್ಲಾಗಿರುತ್ತಿತ್ತು. ಬೂದಿಯ ಗೆರೆಯಿದ್ದ ಕಲ್ಲಿದ್ದಲಿನ ತುಂಡು ಅವರ ಬಳಿ ಇದ್ದುದು ಒಂದೇ. ಅದು ಸಿಕ್ಕಿದ ಗಣಿಯಲ್ಲಿ ಈಗ ನೀರು ತುಂಬಿತ್ತು. ಸೋಮವಾರ ಅದನ್ನು ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು.

ಭಾನುವಾರ ಅತ್ತೆ ನನಗೆ ಎಣ್ಣೆನೀರು ಹಾಕಿದರು. ಕೂದಲು ಒಣಗಿಸುವ ಧೂಪಕ್ಕೆ ನೋಡಿದರೆ ಇದ್ದಿಲು ಮುಗಿದಿದೆ. ಮನೆಯಲ್ಲಿ ಟ್ರಂಕು ಇರುವಾಗ ಅಂಗಡಿಗೆ ಯಾಕೆ ಹೋಗಬೇಕು? ಆ ತುಂಡನ್ನು ಒಡೆದು ಒಲೆಯ ಮೇಲಿಟ್ಟು ಕೆಂಡ ಮಾಡಿದರು. ಮನೆಯೆಲ್ಲ ರಸ್ತೆಗೆ ಡಾಂಬರು ಹಾಕಿದಂಥ ಘಾಟು. ಅತ್ತೆ ಧೃತಿಗೆಡದೆ ಇನ್ನೊಂದು ಹಿಡಿ ಸಾಂಬ್ರಾಣಿ ಸುರಿದು, ಕೊನೆಗೆ ದೃಷ್ಟಿಯಾಗದಿರಲೆಂದು ಆ ಬೂದಿಯನ್ನೇ ನನ್ನ ಹಣೆಗೆ ಬಳಿದರು.

ತರಕಾರಿ ತಂದ ಮಾವ ಧೂಪದ ತಟ್ಟೆ ನೋಡಿ ಚೀಲದ ಸಮೇತ ನೆಲಕ್ಕೆ ಕುಸಿದರು. ವಿಷಯ ತಿಳಿದ ಅತ್ತೆ ಚೂರೇನಾದರೂ ಉಳಿದಿದೆಯೇ ಎಂದು ಒಲೆಯ ಸುತ್ತ ತಡಕಾಡಿದರು. ಅವರ ಮುಖ ನೋಡಿ ನನಗೆ ಅಳುವೇ ಬಂತು. ಸ್ವಲ್ಪ ಹೊತ್ತಿನ ಮೇಲೆ ಮಾವನ ಕಣ್ಣು ಅರಳಿತು. ಕಲ್ಲಿದ್ದಲು ಸುಟ್ಟರೇನು, ಜ್ವಾಲಾಮುಖಿಯಲ್ಲಿ ಹುಟ್ಟಿದ ಜಿರ್ಕಾನ್ ಕಣಕ್ಕೆ ಅಡುಗೆಮನೆಯ ಒಲೆ ಯಾವ ಲೆಕ್ಕ! ತಟ್ಟೆಯ ಬೂದಿಯನ್ನೆಲ್ಲ ಕಾಗದಕ್ಕೆ ಸುರಿದು, ಬ್ರಷ್ ಹಿಡಿದು ನನ್ನೆದುರು ಕೂತರು.

"ಅಲ್ಲಾಡಬೇಡ ಪುಟ್ಟಿ. ನಿನ್ನ ಹಣೆ ಮೇಲೆ ನದಿ ಇದೆ."

ಆಗಲೇ ನನಗೆ ಸೀನು ಬರಬೇಕೆ? ವಿಜ್ಞಾನಕ್ಕಾಗಿ ನಾನು ಮಾಡಿದ ಏಕೈಕ ತ್ಯಾಗವೆಂದರೆ ಆ ಸೀನು ನುಂಗಿದ್ದು.

ಕೆಲವು ತಿಂಗಳಿಗೆ ಫಲಿತಾಂಶ ಬಂತು. ಕಣಗಳು ಬದುಕಿದ್ದವು, ನದಿಗೆ ಕೋಟಿಗಟ್ಟಲೆ ವರ್ಷ. ಕಲ್ಲಿದ್ದಲಿನಿಂದ ಕಣಗಳನ್ನು ಬಿಡಿಸಿದ್ದು ಹೇಗೆಂದು ಗೆಳೆಯರು ಕೇಳಿದರೆ, ಅದು ನಮ್ಮ ಮನೆಯವಳ ವಿಧಾನ ಎನ್ನುತ್ತಿದ್ದರಂತೆ ಮಾವ.

ಡ್ರೈಯರ್ ಆರಿಸಿ ಅತ್ತೆಗೆ ಫೋನ್ ಮಾಡಿದೆ. ಒದ್ದೆ ತಲೆಯಲ್ಲೇ ಬರುತ್ತಿದ್ದೇನೆ, ಧೂಪ ಹಾಕಿ ಎಂದೆ. ಟ್ರಂಕು ಸುರಕ್ಷಿತವಾಗಿದೆಯೇ ಎಂದೂ ಕೇಳಿದೆ.

"ಬೀಗ ಹಾಕಿದಾರೆ ಕಣೇ ನಿಮ್ಮ ಮಾವ," ಎಂದರು ಅತ್ತೆ. "ಕೀ ನನ್ನ ಕೈಗೇ ಕೊಟ್ಟಿದಾರೆ."