ಮೂರು ನಿಮಿಷ ಮುಗೀತು

ಅವರ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು, ತಲೆಗೆ ಒತ್ತಿ ಅಂಟಿಸಿದ ಹಾಗೆ. ಅದರ ಮೇಲೆ ನೆತ್ತಿಯವರೆಗೆ ಕೂದಲು ತೆಳ್ಳಗಾದ ಒಂದು ಪಟ್ಟಿ ಇತ್ತು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಮುಚ್ಚುತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿಂದೂರಿಗೆ ಕರೆ ಜೋಡಿಸಿಕೊಡುವ ಟ್ರಂಕ್ ಕಾಲ್ ಆಪರೇಟರ್ ಆಗಿದ್ದವರು. ಹೆಡ್‌ಫೋನ್ ಕಳಚಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಅದರ ಗುರುತು ಹೋಗಿರಲಿಲ್ಲ. ಯಾರಾದರೂ ಮಾತಾಡಿದರೆ ಆ ಚಪ್ಪಟೆ ಕಿವಿಯನ್ನೇ ಮುಂದೆ ಮಾಡುತ್ತಿದ್ದರು.

ವಿಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು, ಒಬ್ಬರೇ. ನಮಗೂ ಇಡೀ ಬೀದಿಗೂ ಅವರು ‘ಆಂಟಿ’. ಬಾಗಿಲು ತಟ್ಟಿದರೆ ಒಳಗಿನಿಂದ ‘ಹೇಳಿ, ಯಾರು ಬೇಕಾಗಿತ್ತು?’ ಎನ್ನುತ್ತಿದ್ದರು, ಆ ಒಂದು ಕೋಣೆಯಲ್ಲಿ ಇನ್ನೂ ಹತ್ತು ಜನ ಇರುವ ಹಾಗೆ.

ಆಗ ನಾನು ಕನ್ನಡ ಎಂ.ಎ. ಮುಗಿಸಿ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ನನ್ನದೊಂದು ಕಥಾಸಂಕಲನ ಸಿದ್ಧವಾಗಿ ಬೀರುವಿನಲ್ಲಿ ಸೀರೆಗಳ ಕೆಳಗೆ ಕೂತಿತ್ತು. ‘ಖರ್ಚು ನೀವೇ ಹಾಕಿಕೊಂಡರೆ ಪ್ರಕಟಿಸಬಹುದು’ ಎಂದು ಪ್ರಕಾಶಕರೊಬ್ಬರು ಹೇಳಿದ ಮೇಲೆ ಅದನ್ನು ಹೊರಗೆ ತೆಗೆದಿರಲಿಲ್ಲ. ನಾನು ಬರೆಯುತ್ತೇನೆ ಎಂಬುದು ಅಮ್ಮನಿಗೆ ಗೊತ್ತಿತ್ತು. ಏನು ಬರೆಯುತ್ತೀಯ ಎಂದು ಅವಳು ಕೇಳಿದವಳಲ್ಲ, ನಾನೂ ತೋರಿಸಿದವಳಲ್ಲ.

ಒಂದು ಮಧ್ಯಾಹ್ನ ಆಂಟಿ ಹಾಳೆಗಳ ಕಟ್ಟು ಹಿಡಿದು ಕೆಳಗಿಳಿದು ಬಂದರು. “ಇದನ್ನ ಟೈಪ್ ಮಾಡ್ಕೊಡ್ತೀಯಾ ಪುಟ್ಟಿ? ಎಕ್ಸ್‌ಚೇಂಜಿನ ಕಥೆಗಳು. ಬುಕ್ ಮಾಡ್ಸೋಣ ಅಂತ.”

ನಾನು ಒಳಗೊಳಗೇ ನಕ್ಕಿದ್ದೆ. ಮೂರನೆಯ ಕಥೆಯ ಹೊತ್ತಿಗೆ ಆ ನಗು ಹೋಗಿತ್ತು. ವಾಕ್ಯಗಳು ಅಲ್ಲಲ್ಲಿ ಮುಗ್ಗರಿಸುತ್ತಿದ್ದವು, ಒಂದೇ ಪದ ನಾಲ್ಕು ಕಡೆ ಬರುತ್ತಿತ್ತು. ಆದರೂ ಟೈಪು ಮಾಡುತ್ತಿದ್ದ ನನ್ನ ಬೆರಳುಗಳು ಮುಂದೇನು ಎಂದು ಅವಸರ ಮಾಡುತ್ತಿದ್ದವು. ನನ್ನ ಕಥೆಗಳನ್ನು ಬರೆಯುವಾಗ ನನಗೇ ಅಂಥ ಅವಸರ ಆದದ್ದಿಲ್ಲ.

ರಾಜಾಜಿನಗರದ ಮುದ್ರಕರ ಬಳಿ ಇಬ್ಬರೂ ಹೋದೆವು. “ಅರ್ಧ ದುಡ್ಡು ಕೈಗೆ ಬರ್ದೆ ಪೇಪರ್ ತರಿಸಲ್ಲ ಮೇಡಂ,” ಎಂದರು ಅವರು. ಆಂಟಿಯ ಪಿಂಚಣಿ ಬಾಡಿಗೆಗೂ ಔಷಧಿಗೂ ಸರಿಹೋಗುತ್ತಿತ್ತು. ಮನೆಮನೆಯಲ್ಲಿ ಕಥೆ ಓದಿ ಮುಂಗಡ ಮಾರಾಟ ಮಾಡೋಣ ಎಂದು ಆಂಟಿಯೇ ಹೇಳಿದರು. ಬೆಲೆ ಇನ್ನೂರು ಎಂದು ತೀರ್ಮಾನವಾಯಿತು. ಮುಂಚೆ ಕೊಳ್ಳುವವರಿಗೆ ನೂರೈವತ್ತಕ್ಕೆ ಕೊಡುವುದು ರೂಢಿ ಎಂದು ನಾನು ತಿಳಿವಳಿಕೆ ಹೇಳಿದೆ.

“ಯಾಕೆ?”

“ಪುಸ್ತಕ ನೋಡದೆ ದುಡ್ಡು ಕೊಡ್ತಾರಲ್ಲ ಆಂಟಿ.”

“ಅದಕ್ಕೇ ಕಮ್ಮಿ ಮಾಡ್ಬಾರ್ದು. ನನ್ನ ನಂಬಿ ಕೊಡೋರಿಗೆ ಕಮ್ಮಿ ರೇಟು ಅಂದ್ರೆ ನಂಬಿಕೆಗೇ ಕಮ್ಮಿ ರೇಟು ಕಟ್ದಂಗೆ. ಎಲ್ರಿಗೂ ಒಂದೇ ರೇಟು.”

ಯಾರೂ ಕೊಳ್ಳುವುದಿಲ್ಲ ಎಂದುಕೊಂಡೆ. ಕೊಳ್ಳದಿರಲಿ ಎಂದೂ ಅಂದುಕೊಂಡೆನೇನೋ.

ಮೊದಲ ಓದು ನಮ್ಮ ಮನೆಯಲ್ಲೇ, ವರಮಹಾಲಕ್ಷ್ಮಿ ಹಬ್ಬದ ಸಂಜೆ. ಅರಿಶಿನ ಕುಂಕುಮಕ್ಕೆ ಬಂದವರನ್ನೆಲ್ಲ ಆಂಟಿ ಚಾಪೆಯ ಮೇಲೆ ಕೂರಿಸಿಕೊಂಡರು. ಕಥೆ ಬಿನ್ನಿಪೇಟೆಯ ಒಬ್ಬ ಗಂಡಸಿನದು. ಪ್ರತಿ ಶನಿವಾರ ಅವನು ಹುಬ್ಬಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಾನೆ. ಆ ಕಡೆ ಒಬ್ಬ ಹೆಂಗಸು ಬಂದಾಗ ‘ಊಟ ಆಯ್ತಾ?’ ಎನ್ನುತ್ತಾನೆ. ಅವಳು ‘ಹೂಂ’ ಎನ್ನುತ್ತಾಳೆ. ಆಮೇಲೆ ಇಬ್ಬರೂ ಸುಮ್ಮನೆ ಉಸಿರಾಡುತ್ತಾ ಇರುತ್ತಾರೆ. ಟ್ರಂಕ್ ಕಾಲಿಗೆ ಮೂರು ಮೂರು ನಿಮಿಷದ ಲೆಕ್ಕ. ಸಮಯ ಮುಗಿದಾಗ ಆಪರೇಟರ್ ನಡುವೆ ಬಂದು ಮುಂದುವರಿಸಬೇಕೇ ಎಂದು ಕೇಳಬೇಕು. ಅವನು ಯಾವತ್ತೂ ಬೇಡ ಎನ್ನುವವನು. ಒಂದು ಶನಿವಾರ, ಅವನು ಬಾಯಿ ತೆರೆಯುವ ಮೊದಲೇ ಆ ಹೆಂಗಸು ‘ಇವತ್ತು ನಾನೊಂದು ಮಾತು ಹೇಳಬೇಕು’ ಎನ್ನುತ್ತಾಳೆ.

ಆಂಟಿ ಹಾಳೆ ಮಡಿಚಿದರು. ಗಂಟಲು ಬೇರೆಯಾಯಿತು, ಎಕ್ಸ್‌ಚೇಂಜಿನ ಗಂಟಲು. “ಮೂರು ನಿಮಿಷ ಮುಗೀತು. ಮುಂದುವರಿಸ್ಲಾ?”

“ಅಯ್ಯೋ ಆಂಟಿ! ಏನಂದ್ಲು ಹೇಳ್ರೀ!”

“ಇನ್ನೂರು ರೂಪಾಯಿ. ಉಳಿದದ್ದು ಬುಕ್ಕಲ್ಲಿ.”

“ಇದೇನು ದರೋಡೆ ರೀ, ಹಬ್ಬದ ದಿನ!” ಎಂದು ಎದುರುಮನೆಯವರು ಬೈದರು, ಬೈಯುತ್ತಲೇ ಮೊಬೈಲ್ ತೆಗೆದು ದುಡ್ಡು ಕಳಿಸಿದರು. ನಗು, ಗಲಾಟೆ, ತಾಂಬೂಲದ ತಟ್ಟೆಯಲ್ಲಿ ನೋಟುಗಳು. ಆ ಗಲಾಟೆಯ ನಡುವೆ ಅಮ್ಮ ದೇವರ ಮನೆಗೆ ಹೋಗಿ, ಹುಂಡಿ ಡಬ್ಬಿಯಿಂದ ಎರಡು ನೂರರ ನೋಟು ತಂದು ತಟ್ಟೆಯಲ್ಲಿಟ್ಟಳು.

ಹೊಟ್ಟೆಕಿಚ್ಚು ಎಂಬ ಪದವನ್ನು ಮಕ್ಕಳಿಗೆ ಪಾಠ ಮಾಡುವಾಗ ಎಷ್ಟು ಸಲ ಬಿಡಿಸಿ ಹೇಳಿದ್ದೆನೋ. ಅದು ನಿಜವಾಗಿ ಹೊಟ್ಟೆಯಲ್ಲೇ ಹತ್ತುತ್ತದೆ ಎಂದು ಅವತ್ತು ಗೊತ್ತಾಯಿತು.

ಪಾತ್ರೆ ತೊಳೆಯುವಾಗ ಅಮ್ಮ ಪಿಸುಗುಟ್ಟಿದಳು: “ಟೈಪ್ ಮಾಡಿದೋಳು ನೀನಲ್ವಾ? ಏನಂದ್ಲೇ ಅವ್ಳು?”

“ಬುಕ್ ಬಂದ್ಮೇಲೆ ಓದ್ಕೋ,” ಎಂದೆ.

ಮರುದಿನ ಮಹಡಿ ಹತ್ತಿ ಹೋಗಿ ಆಂಟಿಯನ್ನು ಮೆಲ್ಲಗೆ ಚುಚ್ಚಿದೆ. “ಕಥೆ ಅಂದ್ರೆ ಬರೀ ಆಮೇಲೇನಾಯ್ತು ಅಲ್ಲ ಆಂಟಿ. ಹೀಗೆ ನಿಲ್ಲಿಸೋದು ಸ್ವಲ್ಪ ಅಗ್ಗದ ಉಪಾಯ.”

“ಅಗ್ಗ ಏನ್ ಬಂತು, ಇನ್ನೂರು!” ಎಂದು ನಕ್ಕರು. ಆಮೇಲೆ ಎಡಗಿವಿ ಈಚೆ ತಿರುಗಿಸಿ, “ನಡುವೆ ನಿಲ್ಲಿಸಿದ್ರೇನೇ ಆ ಕಡೆಯೋರು ಲೈನಲ್ಲಿದಾರೋ ಇಲ್ವೋ ಗೊತ್ತಾಗೋದು ಕಣೇ. ನಿಂದೂ ಬರ್ದಿದೀಯಂತಲ್ಲ, ಅಮ್ಮ ಹೇಳಿದ್ರು. ಕೊಡು, ಓದ್ತೀನಿ,” ಎಂದರು.

ಅಮ್ಮ ಹೇಳಿದ್ದಳೇ! ವಾರವಿಡೀ ಹಿಂದೆಮುಂದೆ ನೋಡಿ ಕೊನೆಗೆ ಸೀರೆಗಳ ಕೆಳಗಿನಿಂದ ಹಸ್ತಪ್ರತಿ ತೆಗೆದುಕೊಟ್ಟೆ. ಅವರು ಪೂರ್ತಿ ಓದಿ ವಾಪಸು ತಂದರು.

“ಲೈನ್ ತುಂಬಾ ಕ್ಲಿಯರ್ ಆಗಿದೆ. ಒಂದ್ ಕರಕರ ಶಬ್ದ ಇಲ್ಲ. ಆದ್ರೆ ಯಾರಿಗೆ ಕಾಲ್ ಬುಕ್ ಮಾಡಿದೀಯ ಅಂತ ಗೊತ್ತಾಗ್ಲಿಲ್ಲ.” ನನ್ನ ಮುಖ ನೋಡಿ ಕೈ ಹಿಡಿದುಕೊಂಡರು. “ನಿಜ ಹೇಳ್ಲಾ? ನಿನ್ನ ಒಂದೊಂದ್ ವಾಕ್ಯ ನೋಡಿದಾಗ್ಲೂ ಹೊಟ್ಟೆ ಉರೀತು. ನಂಗೆ ಈ ಜನ್ಮದಲ್ಲಿ ಹಂಗೆ ಬರ್ಯಕ್ಕಾಗಲ್ಲ.”

ಹೊಟ್ಟೆಕಿಚ್ಚನ್ನು ಬಾಯಿಬಿಟ್ಟು ಹೇಳಲೂ ಅವರಿಗೆ ಸಂಕೋಚವಿರಲಿಲ್ಲ. ನನಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು.

ಬಸವೇಶ್ವರನಗರ, ಮೂಡಲಪಾಳ್ಯ, ಹೀಗೆ ಮನೆಯಿಂದ ಮನೆಗೆ ಓದು ಹಬ್ಬಿತು. ಅಷ್ಟರಲ್ಲಿ ಅವರ ಗಂಟಲು ಕಟ್ಟಿತು. ಕಷಾಯ, ಜೇನು ಎಲ್ಲ ಆಗಿ, ಆಸ್ಪತ್ರೆಗೆ ಹೋದಾಗ ಗಂಟಲಲ್ಲಿ ಗಂಟು ಇದೆ, ಮಾತಾಡಕೂಡದು ಎಂದರು ಡಾಕ್ಟರು. ಕೆಂಗೇರಿ ಉಪನಗರದ ಮಹಿಳಾ ಸಂಘವೊಂದು ಮೊದಲೇ ಕರೆದಿತ್ತು. ಮುದ್ರಕರಿಗೆ ಕೊಡಬೇಕಾದ ಅರ್ಧ ದುಡ್ಡಿಗೆ ಆ ಒಂದು ಸಂಜೆಯಷ್ಟೇ ಬಾಕಿ. ಆಂಟಿ ನನ್ನತ್ತ ಬೆರಳು ತೋರಿಸಿದರು.

ತರಗತಿಯ ಹೊರಗೆ ಹತ್ತು ಜನರ ಮುಂದೆ ನನ್ನ ಹೆಸರು ಹೇಳಲೂ ಹಿಂಜರಿಯುವವಳು ನಾನು. ಅಂದು ಅದೇ ಬಿನ್ನಿಪೇಟೆಯ ಕಥೆ ಓದಿದೆ. ಆಂಟಿ ಪಕ್ಕದಲ್ಲಿ ಕೂತಿದ್ದರು. ನಾಲ್ಕನೆಯ ಪುಟದಲ್ಲಿ ತಲೆಯೆತ್ತಿದಾಗ ಕಾಫಿ ಲೋಟಗಳು ಕೈಯಲ್ಲೇ ಆರುತ್ತಿದ್ದವು, ಎಲ್ಲರ ಕಣ್ಣು ನನ್ನ ಮೇಲಿತ್ತು. ‘ಇವತ್ತು ನಾನೊಂದು ಮಾತು ಹೇಳಬೇಕು’ ಎಂಬಲ್ಲಿಗೆ ಬಂದೆ. ಆಂಟಿ ನನ್ನ ಮೊಣಕಾಲು ತಟ್ಟಿದರು. ನಾನು ನಿಲ್ಲಿಸಲಿಲ್ಲ. ‘ಇನ್ಮೇಲೆ ಫೋನ್ ಮಾಡಬೇಡಿ. ಬಂದುಬಿಡಿ’ ಎಂಬ ಅವಳ ಮಾತನ್ನೂ, ಅವನು ಮೊದಲ ಸಲ ‘ಮುಂದುವರಿಸಿ’ ಎಂದು ಆಪರೇಟರಿಗೆ ಹೇಳುವುದನ್ನೂ ಓದಿ ಮುಗಿಸಿಬಿಟ್ಟೆ.

ಯಾರೋ ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ಯಾರೋ, “ಕಥೆ ಮುಗ್ದೇಹೋಯ್ತಲ್ಲ, ಇನ್ನು ಬುಕ್ ಯಾಕೆ?” ಎಂದರು. ಎಲ್ಲರೂ ನಕ್ಕರು. ಅರ್ಧದಷ್ಟು ಜನ ಕಾಫಿ ಮುಗಿಸಿ, ದುಡ್ಡು ಕೊಡದೆ ಎದ್ದರು.

ವಾಪಸು ಬರುವಾಗ ಮೆಟ್ರೊದಲ್ಲಿ ಆಂಟಿಯ ಮುಖ ನೋಡಲಾಗಲಿಲ್ಲ. ಅವರೇ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು, ಬರೀ ಗಾಳಿಯಂಥ ದನಿ: “ಯಾಕ್ ನಿಲ್ಲಿಸ್ಲಿಲ್ಲ?”

“ಅವರೆಲ್ಲ ನನ್ನೇ ನೋಡ್ತಿದ್ರು ಆಂಟಿ.”

“ಹೋಗ್ಲಿ ಬಿಡು. ಲೈನ್ ಸಿಕ್ತಲ್ಲ ನಿಂಗೆ,” ಎಂದರು.

ಕಡಿಮೆ ಬಿದ್ದ ಹಣಕ್ಕೆ ಕಿವಿಯೋಲೆ ಅಡವಿಟ್ಟರು ಎಂದು ಆಮೇಲೆ ತಿಳಿಯಿತು. ಪುಸ್ತಕ ಬಂತು. ದುಡ್ಡು ಕೊಟ್ಟವರ ಮನೆಗಳಿಗೆಲ್ಲ ಅವರೇ ಹೋಗಿ, ಮಾತಿಲ್ಲದೆ, ನಗುತ್ತಾ ಕೊಟ್ಟು ಬಂದರು. ಮುಂದಿನ ಹಬ್ಬಕ್ಕೆ ಅವರಿರಲಿಲ್ಲ. ಹದಿಮೂರನೆಯ ದಿನ ಬಂದವರು ಅವರ ಕಥೆಗಳನ್ನು ತಮ್ಮ ಮನೆಯಲ್ಲೇ ನಡೆದ ಸಂಗತಿಗಳಂತೆ ಹೇಳಿಕೊಳ್ಳುತ್ತಿದ್ದರು. ಮೂಲೆಯಲ್ಲಿ ಎಲೆ ಹಾಕುತ್ತಾ ಕೇಳಿಸಿಕೊಂಡೆ. ಅಳು ಬಂತು. ಅದರ ಜೊತೆಗೆ ಇನ್ನೊಂದೂ ಬಂತು, ಅದೇ ಹಳೆಯದು.

ಈಗ ನನ್ನ ಪುಸ್ತಕಕ್ಕೆ ಅದೇ ಮುದ್ರಕರು ಅದೇ ಅರ್ಧ ದುಡ್ಡು ಕೇಳಿದ್ದಾರೆ. ಬೆಲೆ ಇನ್ನೂರು, ಎಲ್ಲರಿಗೂ ಒಂದೇ. ಹೋದ ಭಾನುವಾರ ನಮ್ಮ ನಡುಮನೆಯಲ್ಲಿ ಅದೇ ಚಾಪೆ ಹಾಸಿ, ಅದೇ ಹೆಂಗಸರ ಮುಂದೆ ಓದಿದೆ. ಒಂದು ಕಡೆ ನಿಲ್ಲಿಸಿದೆ. ‘ಮೂರು ನಿಮಿಷ ಮುಗೀತು’ ಎನ್ನಲು ಬಾಯಿ ಬರಲಿಲ್ಲ, ಆ ಮಾತು ಅವರದು. ಹಾಳೆ ಮಡಿಚಿಟ್ಟೆ. ಫ್ಯಾನಿನ ಸದ್ದಷ್ಟೇ ಇತ್ತು.

“ಆಮೇಲೆ?” ಎಂದಿತು ಅಡುಗೆಮನೆ ಬಾಗಿಲಿನಿಂದ ಒಂದು ದನಿ. ಅಮ್ಮ. ಕೈಯಲ್ಲಿ ಸೌಟು ಹಾಗೇ ಇತ್ತು.

“ಇನ್ನೂರು ರೂಪಾಯಿ, ಅಮ್ಮ.”

“ನಂಗೂನಾ?”

“ಎಲ್ರಿಗೂ ಒಂದೇ ರೇಟು.”

ಹೆಂಗಸರು ನಕ್ಕರು, ಪರ್ಸುಗಳ ಜಿಪ್ಪಿನ ಸದ್ದಾಯಿತು. ಅಮ್ಮ ದೇವರ ಮನೆಯೊಳಗೆ ಡಬ್ಬಿ ತೆಗೆಯುತ್ತಾ ಗೊಣಗುತ್ತಿದ್ದಳು: “ಆಂಟಿ ಆಗಿದ್ರೆ ಇನ್ನೊಂಚೂರು ಮುಂದೆ ಹೋಗಿ ನಿಲ್ಲಿಸ್ತಿದ್ರು.”

ಎಲ್ಲರೂ ಹೋದ ಮೇಲೆ ಹಾಳೆ ಬಿಡಿಸಿ ನೋಡಿದೆ. ನಿಜ. ಇನ್ನೆರಡು ವಾಕ್ಯ ದಾಟಿದರೆ ಸರಿಯಾದ ಜಾಗವಿತ್ತು. ಅವರು ಅಲ್ಲೇ ನಿಲ್ಲಿಸುತ್ತಿದ್ದರು. ಹೊಟ್ಟೆ ಉರಿಯಿತು. ಪೆನ್ನು ತೆಗೆದು ಅಲ್ಲೊಂದು ಗುರುತು ಹಾಕಿಕೊಂಡೆ.