ಎಣ್ಣಿ ಆತು

ಬೆಳಿಗ್ಗೆಯಿಂದ ಮನೆಯೊಳಗೆಲ್ಲ ಕರಿ ಎಣ್ಣೆಯ ವಾಸನೆ. ಪಕ್ಕದ ಮನೆಯ ಬ್ಯಾಂಕಿನವರು ಕಾರಿನ ಎಣ್ಣೆಯನ್ನು ತಾವೇ ಬದಲಾಯಿಸುತ್ತೇನೆಂದು ಹೊರಟು, ಹಳೆಯ ಬಾಂಡಲಿಯೊಂದನ್ನು ಕಾರಿನಡಿಗೆ ತಳ್ಳಿ, ಅಂಗಾತ ಮಲಗಿದ್ದಾರೆ. ಒಣಹಾಕಿದ ಬಟ್ಟೆಗೆ ವಾಸನೆ ಹತ್ತುತ್ತದೆಂದು ನನಗೆ ಸಿಟ್ಟು. ಜಗಳ ಮಾಡಿಯೇಬಿಡೋಣವೆಂದು ಗೇಟಿನವರೆಗೆ ಹೋದೆ. ಆದರೆ ನೋಡಿ, ಈ ವಯಸ್ಸಿನಲ್ಲಿ ಜಗಳಕ್ಕೂ ತ್ರಾಣ ಬೇಕು. ಗೇಟು ಹಿಡಿದು ನಿಂತವಳು ಅಲ್ಲೇ ಕಟ್ಟೆಯ ಮೇಲೆ ಕೂತೆ.

ನನ್ನ ಅಪ್ಪನಿಗೆ ಶಿಕಾರಿಪುರದಲ್ಲಿ ಒಂದು ಬಾಡಿಗೆ ಕಾರಿತ್ತು. ಐವತ್ತರ ದಶಕದ ಕೊನೆಯ ಮಾತು. ಮದುವೆಯ ಬೀಗರು, ಕಛೇರಿಗೆ ಅಲೆಯುವ ಪಟೇಲರು, ತಾಳಗುಂದದ ಶಾಸನ ನೋಡಬೇಕೆಂದು ದೂರದಿಂದ ಬರುವ ಮೇಷ್ಟರುಗಳು, ಎಲ್ಲರನ್ನೂ ಅದು ಹೊತ್ತಿದೆ. ಮುಂದೆ ಹ್ಯಾಂಡಲ್ ತೂರಿಸಿ ತಿರುವಿದರೆ ಏಳುವ ಗಾಡಿ. ಅದಕ್ಕೆ ಎಣ್ಣೆ ಬದಲಾಯಿಸುವ ದಿನ ಅಪ್ಪನ ಮಡಿ ನಮ್ಮ ಅಜ್ಜಿಯ ಮಡಿಯನ್ನೂ ಮೀರಿಸುತ್ತಿತ್ತು. ಹೊಸ ಎಣ್ಣೆ ಹೊಯ್ದ ಮೇಲೂ ತಕ್ಷಣ ಎಬ್ಬಿಸುವಂತಿಲ್ಲ. ಸ್ವಿಚ್ ಹಾಕದೆ ಬರೀ ಹ್ಯಾಂಡಲ್ ತಿರುವಬೇಕು, ಎಣ್ಣೆ ಮೇಲೇರಿ, ಸ್ಟಿಯರಿಂಗಿನ ಮುಂದೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಅಲುಗಾಡುವ ತನಕ. ಆಮೇಲೆ ಸ್ವಿಚ್. ಎದ್ದ ಮೇಲೂ ಕಾಲಿನಿಂದ ಆಕ್ಸಿಲರೇಟರ್ ಒತ್ತಬಾರದು, ಅದರ ಪಾಡಿಗೆ ಅದು ಗುನುಗುತ್ತಿರಬೇಕು. ಅಷ್ಟರಲ್ಲಿ ಅಪ್ಪ ಕೆಳಗೆ ಬಗ್ಗಿ ಎಲ್ಲಾದರೂ ತೊಟ್ಟಿಕ್ಕುತ್ತಿದೆಯೋ ನೋಡುತ್ತಿದ್ದ. ಮತ್ತೆ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಕಡ್ಡಿ ಅದ್ದಿ ಅಳತೆ ನೋಡುವುದು. “ತಲಿಗೆ ಎಣ್ಣಿ ಹಚ್ಚಿದ ಕೂಡ್ಲೆ ನೀರು ಹುಯ್ಕಂತೀರೇನು? ನೆನಿಯಾಕ ಬಿಡ್ಬೇಕು,” ಎನ್ನುತ್ತಿದ್ದ. ಸಾಲೆಯಲ್ಲಿ ಮಕ್ಕಳಿಗೆ ತಾಳ್ಮೆಯ ಪಾಠ ಹೇಳುತ್ತಿದ್ದ ನನಗೆ ಮಾತ್ರ ಅದನ್ನು ನೋಡುತ್ತ ನಿಂತರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ನಮ್ಮ ಕಡೆ ಒಂದು ಮಾತಿದೆ, ‘ಆತು’. ಅಡುಗೆ ಸಿದ್ಧವಾದರೂ ಆತು, ಅನ್ನ ತಳ ಕಂಡು ಪಾತ್ರೆ ಬರಿದಾದರೂ ಆತು. ಒಪ್ಪಿಕೊಂಡರೂ ಆತು, ಸಾಕಪ್ಪ ಬಿಡು ಎಂದು ಕೈಕೊಡವಿದರೂ ಆತು. ಇಷ್ಟೆಲ್ಲ ಕೆಲಸವನ್ನು ಒಂದೇ ಮಾತಿನ ತಲೆಗೆ ಕಟ್ಟಿದ ನಾವು ಎಂಥ ಸೋಮಾರಿಗಳಿರಬೇಕು.

ಅದೊಂದು ಶುಕ್ರವಾರ. ಅಪ್ಪ ಹಳೆ ಎಣ್ಣೆ ಇಳಿಸುತ್ತಿದ್ದ. ಸೊರಬದ ಕಡೆಯಿಂದ ಬಂದ ಮೊದಲ ಬಸ್ಸಿನಲ್ಲಿ ಅಕ್ಕನ ಗಂಡನ ಊರಾದ ಉಳವಿಯಿಂದ ಆಳೊಬ್ಬ ಬಂದು, ಅಕ್ಕನಿಗೆ ಜ್ವರ ಇಳಿಯುತ್ತಿಲ್ಲ, ಮಾತು ತೊದಲುತ್ತಿದೆ ಎಂದ. ಅವಳದು ಎರಡನೇ ಬಾಣಂತನ. ಮೊದಲನೆಯದಾಗಿದ್ದರೆ ನಮ್ಮಲ್ಲೇ ಇರುತ್ತಿದ್ದಳು. ತಾಯಿಗೆ ಎದುರಾಡಲಾರದ ಭಾವ ಗುಟ್ಟಾಗಿ ಆಳನ್ನು ಕಳಿಸಿದ್ದ. ನಮ್ಮೂರ ಲೇಡಿ ಡಾಕ್ಟರ ಹತ್ತಿರ ಅಕ್ಕನನ್ನು ಅವತ್ತೇ ತರಬೇಕು, ತಡವಾದರೆ ಅವಳು ಉಳಿಯುವುದಿಲ್ಲ. ಇಷ್ಟು ನಮಗೆಲ್ಲ ಹೇಳದೆಯೇ ತಿಳಿಯಿತು. ನಮ್ಮಮ್ಮ ಹೋದದ್ದು ಇಂಥದೇ ಜ್ವರದಲ್ಲಿ.

ಅಜ್ಜಿ ಒಳಗಿನಿಂದ ಕೂಗಿ ಕೇಳಿದಳು, “ಎಣ್ಣಿ ಆತೇನೋ?”

“ಆತವ್ವ,” ಎಂದು ಅಪ್ಪ ಕೈಮೈ ತೊಳೆಯಲು ಬಚ್ಚಲಿಗೆ ಹೋದ.

ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಹೊರಡಲಾಗದಿದ್ದರೆ ಪ್ರಸ್ಥಾನವನ್ನಾದರೂ ಇಡಬೇಕು, ಅಂದರೆ ಒಳ್ಳೆಯ ಗಳಿಗೆಯಲ್ಲಿ ಗಂಟುಮೂಟೆ ಹೊಸಿಲಿನಾಚೆ ಸಾಗಿಸಿ, ಹೊರಟೆವೆಂದು ಲೆಕ್ಕ. ಅಜ್ಜಿ ಗಂಟಿನ ಬದಲು ಕಾರನ್ನೇ ಬೀದಿಗೆ ಸಾಗಿಸುವ ಏರ್ಪಾಟು ಮಾಡಿದಳು. ಬರಿದಾದ ಗಾಡಿ ಹೊರಟರೆ ಅದು ಪ್ರಸ್ಥಾನವಲ್ಲವೆಂದು ತಾನೇ ಎಲೆಅಡಿಕೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. ಚಿಕ್ಕಪ್ಪ ಸ್ವಿಚ್ ಹಾಕಿ ಹ್ಯಾಂಡಲ್ ತಿರುವಿದ. ದಿನಾ ಸತಾಯಿಸುವ ಗಾಡಿ ಅವತ್ತು ಒಂದೇ ಏಟಿಗೆ ಎದ್ದಿತು.

ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಒಣಗಿದ ಸದ್ದು. ಅಪ್ಪ ಸೋಪಿನ ನೊರೆ ಮೈಯಲ್ಲೇ ಓಡಿಬಂದು ಸ್ವಿಚ್ ಆರಿಸಿದ.

“ಎಣ್ಣಿ ಇಲ್ಲೋ ತಮ್ಮ,” ಎಂದ.

“ಆತು ಅಂದ್ಯಲ್ಲಣ್ಣ.”

“ಹೂಂ. ಇಳಿಸಿದ್ದಾತು ಅಂದೆ.”

ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಬೈಯಲಿಲ್ಲ. ಅಡಿಯ ಬಿರಡೆ ಬಿಗಿದಿದೆಯೇ ಎಂದು ನೋಡಿ, ಹೊಸ ಎಣ್ಣೆ ಹೊಯ್ದ. ಚಿಕ್ಕಪ್ಪನ ಕೈಗೆ ಹ್ಯಾಂಡಲ್ ಕೊಟ್ಟು, ನನ್ನನ್ನು ಮುಳ್ಳಿನ ಮುಂದೆ ಕೂರಿಸಿ, ತಾನು ಬಾನೆಟ್ಟಿಗೆ ಕಿವಿ ಹಚ್ಚಿದ.

“ಏಳ್ತದೇನವ್ವ ಮುಳ್ಳು?”

“ಇಲ್ಲಪ್ಪ.”

ಚಿಕ್ಕಪ್ಪ ತಿರುವುತ್ತಲೇ ಇದ್ದ, ಬೆವರೋ ಅಳುವೋ ಗೊತ್ತಾಗುವಂತಿರಲಿಲ್ಲ. ಅಷ್ಟರಲ್ಲಿ ರಾಹುಕಾಲ ಬಂತು. ಅಜ್ಜಿ ಕಾರಿನಿಂದಿಳಿದು ಜಗಲಿಯ ಮೇಲೆ ಕೂತಳು. ಕೊನೆಗೂ ಮುಳ್ಳು ಅಲುಗಿತು. ಸ್ವಿಚ್ ಹಾಕಿ ಎಬ್ಬಿಸಿದರೆ ಒಳಗೆಲ್ಲೋ ಸಣ್ಣಗೆ ಟಕಟಕ ಎನ್ನುತ್ತಿತ್ತು. ಅಪ್ಪ ಅದನ್ನು ಕೇಳಿಯೂ ಕೇಳದವನಂತೆ ಅಡಿ ನೋಡಿ, ಆರಿಸಿ, ಕಡ್ಡಿ ಅದ್ದಿ, ಮತ್ತೆ ಎಬ್ಬಿಸಿದ. ನನಗೆ ಅವನ ಕಾಲು ಹಿಡಿದು ಹೊರಡಪ್ಪ ಎನ್ನಬೇಕೆನಿಸುತ್ತಿತ್ತು. ಅಜ್ಜಿ ಜಗಲಿಯಿಂದಲೇ, “ನಡೀರಿ. ರಾಹು ನನ್ನ ಸಂಗಡ ಕುಂದ್ರಲಿ,” ಎಂದಳು.

ನಾನು ಅಪ್ಪನ ಜೊತೆ ಹೊರಟೆ. ದಾರಿಯುದ್ದಕ್ಕೂ ಅವನ ಕಿವಿ ಆ ಟಕಟಕದ ಮೇಲೇ ಇತ್ತು. ಶಿರಾಳಕೊಪ್ಪದಲ್ಲಿ ಗುರುತಿನವರು ಕೈ ಅಡ್ಡ ಹಿಡಿದರೂ ನಿಲ್ಲಿಸಲಿಲ್ಲ. ಸೊರಬ ದಾಟಿ ಉಳವಿ ಸೇರುವಾಗ ಊಟದ ಹೊತ್ತು ಮೀರಿತ್ತು. ಅಕ್ಕನ ಅತ್ತೆ ಬಾಗಿಲಿಗೆ ಬಂದರು. ಕೆಟ್ಟವರಲ್ಲ, ರಾತ್ರಿಯಿಡೀ ಒದ್ದೆ ಬಟ್ಟೆ ಹಾಕಿ ಹಾಕಿ ಅವರ ಕಣ್ಣೂ ಗುಳಿ ಬಿದ್ದಿತ್ತು.

“ಒಳಗೆ ಬನ್ನಿ, ಕಾಫಿ ಕುಡೀರಿ,” ಎಂದರು. “ಬಾಣಂತಿ ಹೊಸ್ಲು ದಾಟೋ ದಿನ ಇನ್ನೂ ಬಂದಿಲ್ಲ ಮಾರಾಯ್ರೆ. ನಾಳೆ ಒಂದು ದಿನ ನೋಡನ.”

ಅಪ್ಪ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಆರಿಸಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಹೆದರಿಕೆ ಅವನಿಗೆ. ಇಳಿಯದೆ ಕೂತರೆ ಬೀಗರಿಗೆ ಅವಮಾನ. ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ತಾನಾಗಿಯೇ ಹೊರಗೆ ಬಂದಳು. ಹಿಂದೆ ಭಾವ, ಕೂಸನ್ನೆತ್ತಿಕೊಂಡು, ಯಾರ ಮುಖವನ್ನೂ ನೋಡದೆ.

“ಆರಿಸಬ್ಯಾಡಪ್ಪ,” ಎಂದಳು ಅಕ್ಕ. “ಆರಿಸಿದ್ರ ನೀ ಒಳಗ ಬರ್ತಿ. ಒಳಗ ಬಂದ್ರ ಕಾಫಿ ಕೊಡ್ತಾರ. ಕಾಫಿ ಕುಡದ್ರ ನೀ ಹೂಂ ಅಂತಿ.”

ಅಪ್ಪನ ಮುಖ ಸಣ್ಣದಾಯಿತು. ಅವನ ಸ್ವಭಾವವನ್ನು ಅಷ್ಟು ಸರಿಯಾಗಿ ಅವನೆದುರು ಯಾರೂ ಹೇಳಿರಲಿಲ್ಲ. ಅವಳು ಹೊಸಿಲು ದಾಟಿ ಬಂದು ಕೂತಳು, ನನ್ನ ಹೆಗಲಿಗೆ ತಲೆ ಕೊಟ್ಟಳು. ಮೈ ಕೆಂಡ. ಕೂಸು ನನ್ನ ಮಡಿಲಲ್ಲಿ. ಹಿಂದಿರುಗುವ ದಾರಿಯಲ್ಲಿ ಏರು ಬಂದಾಗಲೆಲ್ಲ ಆ ಟಕಟಕ ಜೋರಾಗುತ್ತಿತ್ತು. ಅಕ್ಕ ಹಲ್ಲು ಕಚ್ಚಿಕೊಂಡು, ಕಣ್ಣು ಮುಚ್ಚದೆ ಕೂತಿದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ.

ಆಸ್ಪತ್ರೆಯ ಮುಂದೆ ಅಪ್ಪ ಸ್ವಿಚ್ ಆರಿಸಿದ. ಸದ್ದು ನಿಂತಿತು. ಆಗ ಅಕ್ಕ ಅಳಲು ಶುರುಮಾಡಿದಳು.

ಅಕ್ಕ ಬದುಕಿದಳು. ಉಳವಿಗೆ ಹಿಂದಿರುಗಿ, ಅದೇ ಅತ್ತೆಯ ಕೊನೆಗಾಲದ ಸೇವೆಯನ್ನೂ ಮಾಡಿ, ಮೊಮ್ಮಕ್ಕಳನ್ನು ಕಂಡು, ಮೊನ್ನೆ ಮೊನ್ನೆ ಎಂಬಂತೆ ಹೋದಳು. ಈ ಕಥೆಯನ್ನು ನಾನು ಎಷ್ಟು ಮದುವೆಮನೆಗಳಲ್ಲಿ ಹೇಳಿ ನಗಿಸಿದ್ದೇನೋ. ಚಿಕ್ಕಪ್ಪನ ಪೆದ್ದುತನ, ಅಜ್ಜಿಯ ಎಲೆಅಡಿಕೆ, ಅಪ್ಪನ ಸೋಪಿನ ನೊರೆ. ಆಸ್ಪತ್ರೆಯ ಬಾಗಿಲಿನವರೆಗೆ ಮಾತ್ರ ನಾನೆಂದೂ ಹೇಳಿದವಳಲ್ಲ. ಬೀಗರು ಕಾಫಿಗೆ ಕರೆದಲ್ಲಿಗೇ ಮುಗಿಸುತ್ತಿದ್ದೆ, ಎಲ್ಲರೂ ನಗುತ್ತಿದ್ದರು.

ಪಕ್ಕದವರು ಕಾರಿನಡಿಯಿಂದ ಎದ್ದು, ಹೊಸ ಎಣ್ಣೆ ಹೊಯ್ದು, ಎಂಜಿನ್ ಎಬ್ಬಿಸಿದರು. ಒಂದಷ್ಟು ಹೊತ್ತು ಬಿಟ್ಟು, ಅಳತೆ ನೋಡಲೆಂದು ಆರಿಸಿದರು. ಬೀದಿಯೆಲ್ಲ ಒಮ್ಮೆಲೇ ಮೌನವಾಯಿತು. ಕಟ್ಟೆಯ ಮೇಲೆ ಕೂತಿದ್ದ ನನಗೆ ಅಕ್ಕ ಬೇಕೆನಿಸಿತು.