ಅತ್ತೆಯ ಟಾರ್ಪಾಲು, ಕ್ಲಬ್ಬಿನ ಛಾವಣಿ

ನಮ್ಮ ಅತ್ತೆಯ ಕಸುಬು ಲಾರಿಗಳಿಗೆ, ಅಂಗಡಿಗಳ ಮುಂಭಾಗಕ್ಕೆ ಟಾರ್ಪಾಲು ಹೊಲಿಯುವುದು. ಹುಚ್ಚು ಮಾತ್ರ ಫುಟ್‌ಬಾಲಿನದು. ನಮ್ಮ ತಂಡ ಗೋಲು ಹೊಡೆದರೆ ಪಕ್ಕದಲ್ಲಿ ಯಾರಿದ್ದರೂ ಸರಿ, ತಬ್ಬಿಕೊಂಡು ಕುಣಿದುಬಿಡುತ್ತಾಳೆ. ಮಾವನ ಪರಿಚಯವಾದದ್ದೇ ಹಾಗಂತೆ; ಆಮೇಲೆ ನೋಡಿದರೆ ಅವರು ಎದುರು ತಂಡದ ಕಡೆಯವರು! ಮದುವೆಯಾಗಿ ಇಷ್ಟು ಕಾಲವಾದರೂ ಅದೊಂದನ್ನು ಅವಳು ಕ್ಷಮಿಸಿಲ್ಲ.

ಅವಳು ಕೂರುವ ಗ್ಯಾಲರಿಗೆ ಛಾವಣಿ ಇರಲಿಲ್ಲ. ವರ್ಷದ ಟಿಕೆಟ್ ಮಾರುವಾಗ ಕ್ಲಬ್ಬಿನವರು ಚಿತ್ರ ತೋರಿಸಿ, ಹಾಕಿಸುತ್ತೇವೆ ಎಂದು ಮಾತು ಕೊಟ್ಟಿದ್ದರು. ಚಿತ್ರದಲ್ಲಿ ಛಾವಣಿ ಬಹಳ ಚೆನ್ನಾಗಿತ್ತು. ಮಳೆಗಾಲ ಬಂತು, ನೆನೆದೆವು. ಮತ್ತೊಂದು ಬಂತು, ಮತ್ತೆ ನೆನೆದೆವು. ಅಧ್ಯಕ್ಷರು ಮಾತ್ರ ಗಾಜಿನ ಕೋಣೆಯಲ್ಲಿ ಬೆಚ್ಚಗೆ ಕೂತು ಆಟ ನೋಡುತ್ತಿದ್ದರು.

ಅತ್ತೆಗೆ ರೇಗಿತು. ಉಳಿದ ಟಾರ್ಪಾಲು ತುಂಡುಗಳನ್ನೆಲ್ಲ ಜೋಡಿಸಿ, ಇಡೀ ಗ್ಯಾಲರಿಯ ತಲೆ ಮೇಲೆ ಹಿಡಿಯುವಂಥ ಬ್ಯಾನರು ಹೊಲಿದಳು. ಅದರ ಮೇಲೆ ಇದ್ದದ್ದು ಇಷ್ಟೇ: "ಛಾವಣಿ ಎಲ್ಲಿ?" ಕೈಗೆ ಅಂಟಿದ ಅಭ್ಯಾಸ ನೋಡಿ, ಬರೀ ಬ್ಯಾನರಾದರೂ ಹನಿ ನೀರು ಇಳಿಯದಂತೆ ಹೊಲಿಗೆಗಳನ್ನೆಲ್ಲ ಮಡಚಿ ಮಡಚಿ ಹಾಕಿದ್ದಳು.

ಆಟದ ದಿನ ಗ್ಯಾಲರಿಯಲ್ಲಿ ಅದನ್ನು ಬಿಚ್ಚಿ ಹಿಡಿದೆವು; ಟಿವಿಯಲ್ಲಿ ಊರೆಲ್ಲ ನೋಡಿ ನಕ್ಕಿತು. ಮರುದಿನವೇ ಕ್ಲಬ್ಬು ಬ್ಯಾನರನ್ನು ಕಿತ್ತುಕೊಂಡು, ಅತ್ತೆಯನ್ನು ಒಂದು ಮಾತೂ ಕೇಳದೆ, ಇನ್ನೆಂದೂ ಮೈದಾನಕ್ಕೆ ಕಾಲಿಡಕೂಡದೆಂದು ನಿಷೇಧ ಹಾಕಿತು.

ಮುಂದಿನ ಆಟದ ದಿನ ಅತ್ತೆ ಹೊಲಿಗೆ ಯಂತ್ರದ ಮುಂದೆ ರೇಡಿಯೊ ಇಟ್ಟುಕೊಂಡು ಕೂತಳು. ಗೋಲಾಯಿತು. ಎದ್ದಳು, ಸುತ್ತ ನೋಡಿದಳು, ಹಾಗೇ ಕೂತಳು.

ಮಾವನೇ ತಡೆಯಲಾರದೆ ಹೇಳಿದರು, "ಟಿಕೆಟ್ ತಗೊಂಡಿರೋ ಗಿರಾಕಿ ಕಣೇ ನೀನು, ಭಿಕ್ಷೆಗೆ ಹೋದವಳಲ್ಲ. ನಡಿ, ಗ್ರಾಹಕರ ಕೋರ್ಟಿಗೆ ಹೋಗೋಣ."

ಕೋರ್ಟಿನಲ್ಲಿ ಕ್ಲಬ್ಬಿನ ವಕೀಲರು ಬ್ಯಾನರಿನ ಕೆಳಗೆ ಜನಕ್ಕೆ ಉಸಿರು ಕಟ್ಟುತ್ತದೆ, ಪ್ರಾಣಾಪಾಯ ಎಂದು ಗಂಟಲು ಹರಿದುಕೊಂಡರು. ಜಡ್ಜಮ್ಮ ಕನ್ನಡಕ ತೆಗೆದು, "ಹಾಗಾದ್ರೆ ಗ್ಯಾಲರಿಯಲ್ಲೇ ಅದನ್ನ ಬಿಚ್ಚಿ ತೋರಿಸಿ. ನಾನೇ ಬರ್ತೀನಿ. ಅಧ್ಯಕ್ಷರೂ ಬರ್ಲಿ," ಎಂದರು.

ಸರಿ, ಬ್ಯಾನರು ಹಿಡಿಯಲು ನಮ್ಮ ಗ್ಯಾಲರಿಯ ಜನರೂ ಬಂದರು, ಎಲ್ಲರೂ ಅಲ್ಲಿ ಸೇರಿದೆವು. ಬ್ಯಾನರು ಬಿಚ್ಚುತ್ತಿದ್ದಂತೆ ಮಳೆ ಧೋ ಎಂದು ಸುರಿಯಿತು. ಜಡ್ಜಮ್ಮ, ವಕೀಲರು, ಹೊಸ ಸೂಟಿನ ಅಧ್ಯಕ್ಷರು, ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಅದರಡಿ ನುಗ್ಗಿದರು. ಅಂಚು ಹಿಡಿಯುವ ಪಾಳಿ ಅಧ್ಯಕ್ಷರಿಗೂ ಬಂತು.

"ಕೈ ಇನ್ನೂ ಸ್ವಲ್ಪ ಮೇಲೆತ್ತಿ ಸರ್," ಅತ್ತೆ ಗದರಿದಳು. "ನೀರು ನಿಮ್ ಕಡೆನೇ ತುಂಬ್ತಾ ಇದೆ."

ಅಭ್ಯಾಸಬಲದಿಂದ ನಮ್ಮವರು ತಂಡದ ಹಾಡು ಶುರು ಮಾಡಿಯೇಬಿಟ್ಟರು. ನನಗಂತೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ವಕೀಲರು ಮಾತ್ರ ಪಟ್ಟು ಬಿಡಲಿಲ್ಲ. "ಮೇಡಂ, ಈ ಬಟ್ಟೆ ಅಪಾಯ. ತಕ್ಷಣ ತೆಗೆಸ್ಬೇಕು."

"ಆಗ್ಲಿ, ತೆಗೀರಿ," ಎಂದರು ಜಡ್ಜಮ್ಮ.

ಯಾರೂ ಅಲ್ಲಾಡಲಿಲ್ಲ. ಅಧ್ಯಕ್ಷರು ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

"ಗೊತ್ತಾಯ್ತು ಬಿಡಿ," ಎಂದರು ಜಡ್ಜಮ್ಮ. "ಛಾವಣಿ ಎಲ್ಲಿ ಅಂತ ಕೇಳೋ ಹಕ್ಕು ಈ ಅಮ್ಮನಿಗಿದೆ. ಅವರ ಮಾತನ್ನೇ ಕೇಳದೆ ಹೊರಗೆ ಹಾಕಿದ್ದು ತಪ್ಪು. ನಿಷೇಧ ಇವತ್ತಿಗೇ ರದ್ದು. ಛಾವಣಿ ಯಾವಾಗ ಅಂತ ಅಧ್ಯಕ್ಷರೇ ಕೋರ್ಟಿಗೆ ಬಂದು ಹೇಳ್ಬೇಕು."

ಅತ್ತೆ ಹೋ ಎಂದು ಹಾರಿ, ಪಕ್ಕದಲ್ಲಿದ್ದವರನ್ನು ತಬ್ಬಿಕೊಂಡು ಕುಣಿದಳು. ಪಕ್ಕದಲ್ಲಿದ್ದವರು ಅಧ್ಯಕ್ಷರು. ಇಬ್ಬರ ಕೈಯಿಂದಲೂ ಅಂಚು ಜಾರಿತು, ಮೇಲೆ ತುಂಬಿದ್ದ ನೀರೆಲ್ಲ ದಬದಬ ಸುರಿಯಿತು, ಮತ್ತು ನಮ್ಮ ಗ್ಯಾಲರಿಯ ಮಳೆ ಹೇಗಿರುತ್ತದೆಂದು ಅಧ್ಯಕ್ಷರಿಗೆ ಮೊದಲ ಸಲ ಗೊತ್ತಾಯಿತು.